ಅತ್ತಿಗೆಯ ಹಕಾರ

ನಮ್ಮ ಅತ್ತಿಗೆಯ ಕೈಗೆ ಮಾತ್ರ ಯಾರೂ ಮೈಕು ಕೊಡುತ್ತಿರಲಿಲ್ಲ. ಕೊಟ್ಟರೆ ಮೈಕಿಗೇ ಕಿವಿನೋವು ಬರುತ್ತಿತ್ತು! ನಂಬಿಕೆ ಬರಲಿಲ್ಲವೇ? ಹಲಗೂರು ಬಸ್‌ಸ್ಟ್ಯಾಂಡಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ ಇದೆ, ಬನ್ನಿ, ಟೀ ಕುಡಿಸಿ ಸಾಕ್ಷಿ ಸಮೇತ ಹೇಳುತ್ತೇನೆ. ಒಂದು ದಿನ ಮಳವಳ್ಳಿ ಬಸ್ಸು ಹೊರಟು, ಪೆಟ್ರೋಲ್ ಬಂಕು ದಾಟಿ, ತಿರುವಿನಲ್ಲಿ ಮರೆಯಾಗಿಯೇ ಬಿಟ್ಟಿತ್ತು. ಅತ್ತಿಗೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಸೆರಗು ಸಿಕ್ಕಿಸಿಕೊಂಡು, "ಓಲ್ಡಾನ್!" ಅಂದರು. ಬಸ್ಸು ನಿಂತಿತು! ಡ್ರೈವರು ತನ್ನ ಕಂಡಕ್ಟರೇ ಕೂಗಿದನೆಂದುಕೊಂಡನಂತೆ. ಕಂಡಕ್ಟರು ಹಿಂದಿನ ಸೀಟಿನ ಹೆಂಗಸು ಕೂಗಿದಳೆಂದು ಅವಳ ಮೇಲೆ ರೇಗಿದನಂತೆ. ಅವರಿಬ್ಬರ ವಾದ ಮುಗಿಯುವಷ್ಟರಲ್ಲಿ ನಮ್ಮತ್ತಿಗೆ ನಿಧಾನವಾಗಿ ನಡೆದುಹೋಗಿ ಹತ್ತಿಕೊಂಡು, ಕಿಟಕಿ ಪಕ್ಕದ ಸೀಟನ್ನೂ ಹಿಡಿದಿದ್ದರು.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಹಲಗೂರಿಗೆ ಕೂಗಳತೆಯಲ್ಲಿರುವ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿಗೆ ಟೀಚರು. ಕೂಗಳತೆ ಅಂದೆನಲ್ಲ, ಅದು ಅತ್ತಿಗೆಯ ಕೂಗಿನ ಅಳತೆ. ನಿಮ್ಮ ನಮ್ಮ ಗಂಟಲಿಗೆ ಆಟೋ ಬೇಕು.

ಇಂಥ ಗಂಟಲು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು! ಬೆಸಗರಹಳ್ಳಿ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಮಾತು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ. ಮೂಗಿ ಸೊಸೆ ತಂದೆವಲ್ಲಪ್ಪಾ ಎಂದು ನಮ್ಮವ್ವ ಹೆದರಿದ್ದಳು. ಆದರೆ ನಮ್ಮಣ್ಣನದು ಹಿಟ್ಟಿನ ಮಿಲ್ಲು. ಮನೆಗೆ ಅಂಟಿಕೊಂಡೇ ಇದೆ. ಸುತ್ತ ಹಳ್ಳಿಯವರ ರಾಗಿಯನ್ನೆಲ್ಲ ಬೀಸಿ ಬೀಸಿ, ಆ ಮಿಷನ್ನಿನ ಸದ್ದು ಕೇಳಿ ಕೇಳಿ, ಅಣ್ಣನ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಾ ಹೋಯಿತು. ಅವನ ಕಿವಿ ಇಳಿದಷ್ಟೂ ಇವರ ದನಿ ಏರಿತು. ಕಿವಿಗೆ ಹಾಕುವ ಮಿಷನ್ನನ್ನೂ ಕೊಡಿಸಿದೆವು. ಅಣ್ಣ ಒಂದೇ ದಿನ ಹಾಕಿಕೊಂಡು ಕಿತ್ತು ಡಬ್ಬಿಗೆ ಹಾಕಿಬಿಟ್ಟ.

"ಮಿಲ್ಲೊಳಗೆ ಒಂದು ಮಿಸನ್ನು, ಕಿವಿಯೊಳಗೆ ಇನ್ನೊಂದು ಮಿಸನ್ನು! ತಲೆಯೊಳಗೇ ರಾಗಿ ಬೀಸ್ದಂಗಾಯ್ತದೆ ಕಣ್ಲಾ. ಬುಡು, ನಿಮ್ಮತ್ಗೆ ಗಂಟ್ಲೇ ಸಾಕು ನಂಗೆ" ಅಂದ.

ಸರಿ, ಆ ಗಂಟಲೇ ಸಾಕಾಯಿತು. ಅಡುಗೆಮನೆಯಿಂದ "ಉಣ್ಣಾಕ್ ಬನ್ರೀ" ಎಂದು ಅತ್ತಿಗೆ ಕೂಗಿದರೆ ಅಣ್ಣನ ಜೊತೆಗೆ ನೆರೆಮನೆಯ ಗಂಡಸರೂ ಎದ್ದು ಅವರವರ ಮನೆಗೆ ಉಣ್ಣಲು ಹೋಗುತ್ತಿದ್ದರು. ಊರಿಗೆ ಬೇರೆ ಗಡಿಯಾರ ಏಕೆ?

ಇಷ್ಟು ದೊಡ್ಡ ದನಿಯವರು ಕ್ಲಾಸಿನಲ್ಲಿ ಮಕ್ಕಳನ್ನು ಗದರಿಸಿ ಇಟ್ಟಿರಬೇಕು ಅಂದುಕೊಂಡಿರಾ? ಅಲ್ಲೇ ಇರುವುದು ಸೋಜಿಗ! ಅವರು ಮಕ್ಕಳಿಗೆ "ಸದ್ದು ಮಾಡಬೇಡಿ" ಎಂದದ್ದೇ ಇಲ್ಲ. ಬೆಳಗ್ಗೆ ಪ್ರಾರ್ಥನೆ ಮುಗಿದು ಒಳಗೆ ಬಂದ ಕೂಡಲೇ ಕಿರುಚುವ ಪೀರಿಯಡ್ಡು. ಬಾಗಿಲು ಹಾಕಿ, ಕಿಟಕಿ ಹಾಕಿ, ಅತ್ತಿಗೆ ಕೈ ಎತ್ತುತ್ತಿದ್ದಂತೆಯೇ ಇಡೀ ಕ್ಲಾಸು ಬಾಯಿಗೆ ಬಂದ ಹಾಗೆ ಕಿರುಚಬೇಕು. ಕೈ ಇಳಿಸಿದರೆ ಗಪ್‌ಚಿಪ್.

"ಇದೇನ್ ಅತ್ಗೆ ಇದು?" ಎಂದು ಕೇಳಿದ್ದಕ್ಕೆ, "ಗಲಾಟೆ ಅನ್ನೋದು ಒಟ್ಟೇಲಿರೋ ಗಾಳಿ ಇದ್ದಂಗೆ ಕಣ್ಲಾ. ತಡ್ಕಂಡ್ರೆ ನೋವು. ಬುಟ್ಬುಟ್ರೆ ಸಲೀಸು" ಎಂದರು.

ಒಂದು ಸಲ ಸರಿಯಾಗಿ ಅದೇ ಹೊತ್ತಿಗೆ ಮೇಲಿನ ಆಫೀಸಿನಿಂದ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಸೂರು ಕುಸಿದಿದೆ ಎಂದೇ ಭಾವಿಸಿ ಅವರು ಜೀಪಿನಿಂದ ಹಾರಿ, ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು. ಮಕ್ಕಳು ಕಿರುಚುತ್ತಲೇ ಇದ್ದವು. ಅತ್ತಿಗೆ ಎತ್ತಿದ ಕೈ ಇಳಿಸಲಿಲ್ಲ.

"ಏನ್ರೀ ಮೇಡಂ ಇದು?"

"ಸಾರ್, ಇನ್ನೊಂಚೂರು ಟೈಮದೆ. ಬೇಕಾದ್ರೆ ನೀವೂ ಕಿರುಚ್ಕಳಿ!"

ಸಾಹೇಬರು ಆ ಕಡೆ ಈ ಕಡೆ ನೋಡಿದರಂತೆ. ಹಿಂದೆ ತಿರುಗಿ ಬಾಗಿಲು ಹಾಕಿದರಂತೆ. ಆಮೇಲೆ ಕಣ್ಣು ಮುಚ್ಚಿ ಒಂದು ಕಿರುಚಿದರು ನೋಡಿ, ಮಕ್ಕಳೇ ಹೆದರಿ ಸುಮ್ಮನಾದವು! ಯಾರನ್ನು ನೆನೆದುಕೊಂಡು ಕಿರುಚಿದರೋ, ಪಾಪ. ಮುಖ ಹಗುರ ಮಾಡಿಕೊಂಡು, ನೀರು ಕುಡಿದು, ಜೀಪು ಹತ್ತಿ ಹೋದರು.

ಇನ್ನು ಚಾಡಿಯ ವಿಷಯ. ಒಂದನೇ ಕ್ಲಾಸು ಅಂದರೆ ಅರ್ಧ ಪಾಠ, ಅರ್ಧ ಚಾಡಿ. "ಮಿಸ್, ಇವ್ನು ಚಿವುಟ್ದ", "ಮಿಸ್, ಇವ್ಳು ನನ್ ಕಡ್ಡಿ ತಕ್ಕಂಡ್ಳು". ಅತ್ತಿಗೆ ಅದನ್ನೆಲ್ಲ ಅಂಗಳದ ಹೊಂಗೆ ಮರಕ್ಕೆ ವರ್ಗಾಯಿಸಿದ್ದರು. "ಹೋಗು, ಮರಕ್ ಹೇಳ್ಬುಟ್ಟು ಬಾ. ಮರ ಏನಂತು ಅಂತ ಬಂದು ನಂಗ್ ಹೇಳು." ಮಗು ಓಡುತ್ತಿತ್ತು, ಮರಕ್ಕೆ ಎಲ್ಲ ಒಪ್ಪಿಸುತ್ತಿತ್ತು, ವಾಪಸು ಬಂದು "ಮರ ಏನೂ ಅನ್ನಿಲ್ಲ ಮಿಸ್" ಅನ್ನುತ್ತಿತ್ತು. "ಹಂಗಾರೆ ದೊಡ್ಡ ವಿಷ್ಯ ಅಲ್ಲ ಬುಡು, ಕೂತ್ಕೋ" ಎಂದು ಅತ್ತಿಗೆ ಮುಗಿಸುತ್ತಿದ್ದರು. ಈ ಪದ್ಧತಿ ಎಷ್ಟು ಹೆಸರು ಮಾಡಿತು ಅಂದರೆ, ಶಾಲೆಯ ಹಿಂದಿನ ಮನೆಯ ಅಜ್ಜಿಯೊಬ್ಬಳು ಸಂಜೆ ಹೊತ್ತು ಬಂದು ಸೊಸೆಯ ಮೇಲಿನ ದೂರನ್ನೆಲ್ಲ ಆ ಮರಕ್ಕೆ ಹೇಳಿಕೊಳ್ಳಲು ಶುರು ಮಾಡಿದಳು. ಸ್ವಲ್ಪ ದಿನಕ್ಕೆ ಸೊಸೆಯೂ ಬಂದಳು!

ಲೆಕ್ಕದ ಕಥೆ ಕೇಳಿ. ನಲವತ್ತೆರಡರಲ್ಲಿ ಹದಿನೇಳು ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಹತ್ತು ತರಬೇಕು. ನಮಗೆಲ್ಲ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದು ಇದನ್ನೇ. ಅತ್ತಿಗೆ ಇದಕ್ಕೆ ಇಟ್ಟ ಹೆಸರು 'ಕಡ'. ನಮ್ಮ ಕಡೆ ಹೆಪ್ಪಿಗೆ ಮಜ್ಜಿಗೆ ಇಲ್ಲದಿದ್ದರೆ, ಸಾರಿಗೆ ಹುಣಸೆಹಣ್ಣು ಸಾಲದಿದ್ದರೆ ನೆರೆಮನೆಯಿಂದ ಕಡ ತರುತ್ತೇವಲ್ಲ, ಅದೇ ಕಡ. ಕ್ಲಾಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಮನೆ ಬರೆಯುವುದು. ಬಿಡಿಯ ಮನೆಯಲ್ಲಿ ಒಂದು ಹುಡುಗಿ, ಕೈಯಲ್ಲಿ ಎರಡೇ ಕಡ್ಡಿ. ಹತ್ತರ ಮನೆಯಲ್ಲಿ ಇನ್ನೊಬ್ಬಳು, ಕೈಯಲ್ಲಿ ಹತ್ತತ್ತು ಕಡ್ಡಿಯ ಕಟ್ಟುಗಳು. ಬಿಡಿಯವಳು ಹೋಗಿ ಬಾಗಿಲು ಬಡಿದು "ಅಕ್ಕಾ, ಒಂದು ಕಟ್ಟು ಕಡ ಕೊಡಕ್ಕಾ" ಎಂದು ಕೇಳಬೇಕು. ಎಷ್ಟು ಚೆನ್ನಾಗಿದೆ!

ಒಂದು ದಿನ ಹತ್ತರ ಮನೆಯವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದಳು: "ಕೊಡಾಕಿಲ್ಲ. ಮೊನ್ನೆ ನಲ್ಲಿತಾವ್ ನಿಮ್ಮವ್ವ ನಮ್ಮವ್ವನ್ನ ಬೈದವ್ಳೆ."

ಅತ್ತಿಗೆ ಎಷ್ಟು ಪುಸಲಾಯಿಸಿದರೂ ಹುಡುಗಿ ಜಗ್ಗಲಿಲ್ಲ. ನಲವತ್ತೆರಡು ಹಾಗೇ ಉಳಿಯಿತು! ಬೇರೆ ಟೀಚರಾಗಿದ್ದರೆ ಬೇರೆ ಹುಡುಗಿಯನ್ನು ನಿಲ್ಲಿಸುತ್ತಿದ್ದರು. ನಮ್ಮತ್ತಿಗೆ ಸಂಜೆ ಆ ಇಬ್ಬರು ತಾಯಂದಿರನ್ನೂ ಶಾಲೆಗೆ ಕರೆಸಿ, ಅದೇ ಸೀಮೆಸುಣ್ಣದ ಮನೆಗಳಲ್ಲಿ ನಿಲ್ಲಿಸಿ, "ನೀವಿಬ್ರು ರಾಜಿಯಾಗೋಗಂಟ ನನ್ ಲೆಕ್ಕ ಮುಂದಕ್ ಹೋಗಕಿಲ್ಲ ಕಣ್ರವ್ವಾ" ಎಂದರು. ತಾಯಂದಿರು ಮೊದಲು ಮುಖ ತಿರುಗಿಸಿಕೊಂಡು ನಿಂತರು, ಆಮೇಲೆ ನಕ್ಕರು, ಆಮೇಲೆ ಕಡ್ಡಿಕಟ್ಟು ಕೈ ಬದಲಾಯಿಸಿತು. ಮಾರನೆಯ ದಿನ ಇಪ್ಪತ್ತೈದು ಎಂದು ಉತ್ತರ ಬಂತು. ಕಳೆಯುವ ಲೆಕ್ಕಕ್ಕೆ ನಲ್ಲಿ ಜಗಳ ಬಗೆಹರಿಸಿದ ಟೀಚರನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಭಿನ್ನರಾಶಿಗೆ ಮದ್ದೂರು ವಡೆ. ಅದು ಎಂದಾದರೂ ಸಮನಾಗಿ ಎರಡಾಗುತ್ತದೆಯೇ? "ಇದರ್ಧ ಅಲ್ಲ ಮಿಸ್, ಅವ್ನದು ಮುಕ್ಕಾಲು" ಎಂದು ಕ್ಲಾಸಿನಲ್ಲಿ ಯುದ್ಧ. ಯುದ್ಧವಾಗಲಿ ಎಂದೇ ತರುತ್ತಿದ್ದರು. "ಅರ್ಧ ಅಂದ್ರೇನು ಅಂತ ತಿಳೀಬೇಕಾರೆ ಒಂದ್ಸಲ ಮೋಸ ಓಗ್ಬೇಕು" ಎನ್ನುವುದು ಅವರ ಸಿದ್ಧಾಂತ.

ಆದರೆ ಇದೆಲ್ಲ ಬಿಡಿ. ಅತ್ತಿಗೆಯ ನಿಜವಾದ ಸಮರ ನಡೆದದ್ದು ಒಂದೇ ಒಂದು ಅಕ್ಷರದ ಮೇಲೆ. ಹ!

ನಮ್ಮ ಸೀಮೆಯಲ್ಲಿ 'ಹ' ಎನ್ನುವ ಅಕ್ಷರ ಬರವಣಿಗೆಗೆ ಉಂಟು, ಬಾಯಿಗೆ ಇಲ್ಲ. ಹಾಲು ಆಲು, ಹೊಲ ಒಲ, ಹಲಗೂರು ಅಲಗೂರು. ನಾವು ನಾವೇ ಮಾತಾಡುವಾಗ ಯಾರಿಗೂ ನಷ್ಟವಿಲ್ಲ. ಪುಸ್ತಕ ಓದಲು ಕೂತಾಗ ಫಜೀತಿ. ಒಂಬತ್ತಾದ ಮೇಲೆ ಎಷ್ಟು ಎಂದರೆ "ಅತ್ತು!" ಯಾರು ಅತ್ತದ್ದು, ಏಕೆ ಅತ್ತದ್ದು? ಪಾಠದಲ್ಲಿ "ಆರು ಹಕ್ಕಿ ಹಾರಿದವು" ಎಂದಿತ್ತು. ಹುಡುಗನೊಬ್ಬ ಎದ್ದು ನಿಂತು, ಎದೆಯುಬ್ಬಿಸಿ, "ಆರು ಅಕ್ಕಿ ಆರಿದವು" ಎಂದು ಓದಿದ. ಅರ್ಥ ಹೇಳಪ್ಪಾ ಎಂದರೆ, "ಆರೇ ಆರು ಅಕ್ಕಿ ಕಾಳು ಬಿಸಿಲಿಗೆ ಒಣಗಾಕಿದ್ರು, ಒಣಗ್ದೊ ಮಿಸ್" ಎಂದ. ತಪ್ಪೆಂದು ಹೇಗೆ ಹೇಳುತ್ತೀರಿ? ಅವನ ಮಟ್ಟಿಗೆ ಕಥೆ ಪೂರ್ತಿಯಾಗಿದೆ!

ಅತ್ತಿಗೆ ಮನೆಗೆ ಬಂದು ನೇರವಾಗಿ ಮಿಲ್ಲಿಗೆ ನುಗ್ಗಿದರು. ಒಂದು ಡಬ್ಬಿ ರಾಗಿ ಹಿಟ್ಟು ತೆಗೆದುಕೊಂಡು ಹೋಗಿ, ಪ್ರತಿಯೊಂದು ಮಗುವಿನ ಅಂಗೈಗೂ ಒಂದೊಂದು ಚಿಟಿಕೆ ಹಾಕಿದರು. ಅಂಗೈ ಬಾಯಿಯ ಮುಂದೆ. "ಅ" ಅಂದರೆ ಹಿಟ್ಟು ಕದಲಬಾರದು. "ಹ" ಅಂದರೆ ಹಿಟ್ಟು ಹಾರಬೇಕು. ಅಷ್ಟೇ ಪಾಠ! ಹಕ್ಕಿ ಹಾರಿತು, ಹಿಟ್ಟೂ ಹಾರಿತು. ಅವತ್ತು ಸಂಜೆ ಶಾಲೆ ಬಿಟ್ಟಾಗ ಮಕ್ಕಳ ಮುಖ, ತಲೆ, ಅಂಗಿ ಎಲ್ಲ ಹಿಟ್ಟುಮಯ. ಮಿಲ್ಲಿನಿಂದ ಹೊರಬಂದ ನಮ್ಮಣ್ಣನೇ ಹತ್ತಾರು ಮರಿ ಹಾಕಿದಂತೆ ಇತ್ತು.

ಒಂದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಇನ್ನೊಂದು ಗ್ರಹಚಾರ ವಕ್ಕರಿಸಿತು. ಹಿಟ್ಟು ಹಾರಿಸುವ ರುಚಿ ಹತ್ತಿದ ಮಕ್ಕಳು ಕಂಡಕಂಡಲ್ಲೆಲ್ಲ 'ಹ' ಹಾಕತೊಡಗಿದವು! "ಹಮ್ಮಾ, ಹಿಡ್ಲಿ ಕೊಡು." "ಹಜ್ಜಿ, ಹಾಡು ಮೇಯ್ತಾದೆ." ಆಡು ಹಾಡಾಯಿತು, ಆನೆ ಹಾನೆಯಾಯಿತು. ಗದ್ದೆಯಿಂದ ನೆಟ್ಟಗೆ ಬಂದ ತಂದೆಯೊಬ್ಬ ಶಾಲೆಯ ಬಾಗಿಲಲ್ಲಿ ನಿಂತು ಅಹವಾಲು ಸಲ್ಲಿಸಿದ.

"ಮೇಡಮ್ಮಾರೆ, ನಿಮ್ ಪಾಠ ನಿಮಗಿರ್ಲಿ. ನನ್ ಮಗ ನನ್ನ ಹಪ್ಪಾ ಅಂತಾನೆ. ಪಕ್ಕದ್ಮನೆ ಐಕ್ಳು ನನ್ನ ಅಪ್ಪಳ ಅಂತಾವೆ!"

ಹಪ್ಪಳ ಎನ್ನಬೇಕಾದಲ್ಲಿ ಅಪ್ಪಳ ಎಂದ ಅವನಿಗೆ ಅತ್ತಿಗೆ ಅಲ್ಲೇ ಒಂದು ಚಿಟಿಕೆ ಹಿಟ್ಟು ಕೊಟ್ಟು ಕೂರಿಸಿದರು.

ತಮಾಷೆ ಏನು ಗೊತ್ತೇ? ಶಾಲೆಯ ಬಾಗಿಲು ದಾಟಿ ಮನೆಗೆ ಬಂದರೆ ಅತ್ತಿಗೆಯ ಬಾಯಲ್ಲೂ ಹಕಾರ ಮಾಯ! ಬಸ್ಸು ನಿಲ್ಲಿಸಿದ್ದು 'ಓಲ್ಡಾನ್' ಎಂದೇ ಅಲ್ಲವೇ? ನಾನು ಕೆಣಕಿದರೆ, "ಚಪ್ಪಲಿ ಆಕ್ಕಂಡು ಅಡ್ಗೆಮನೆಗೆ ಓಯ್ತೀಯೇನ್ಲಾ? ಅಂಗೇ ಅದು. ಈಚೆಗೋಗೋವಾಗ ಆಕ್ಕಬೇಕು, ಒಳಕ್ಕೆ ಬರೋವಾಗ ಬುಡಬೇಕು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಹೀಗೆ ನಡೆಯುತ್ತಿದ್ದ ಗಂಟಲು ಒಂದು ಸೋಮವಾರ ಬೆಳಗ್ಗೆ ನಿಂತುಹೋಯಿತು. ಸ್ವಲ್ಪ ದಿನದಿಂದ ಕರಕರ ಎನ್ನುತ್ತಿತ್ತು. ಶುಂಠಿ, ಮೆಣಸು, ಬಿಸಿನೀರು ಎಲ್ಲ ಆಗಿತ್ತು. ಆ ಬೆಳಗ್ಗೆ ಅತ್ತಿಗೆ ಅಣ್ಣನನ್ನು ಕರೆಯಲು ಬಾಯಿ ತೆರೆದರು, ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದರು. ಅಷ್ಟೇ.

ಮಂಡ್ಯದ ಗಂಟಲು ಡಾಕ್ಟರ ಹತ್ತಿರ ಹೋದೆವು. ಪೈಪು ಇಳಿಸಿ ನೋಡಿ ಡಾಕ್ಟರು ಕೇಳಿದರು: "ಇವರು ಏನು ಕೆಲಸ ಮಾಡ್ತಾರೆ?"

"ಒಂದನೇ ಕ್ಲಾಸು ಟೀಚರು" ಎಂದೆ. ಡಾಕ್ಟರು ತಲೆ ಆಡಿಸಿದರು.

"ಅಷ್ಟಕ್ಕೇ ಇಷ್ಟು ಆಗಲ್ಲ. ಮನೇಲೂ ತುಂಬಾ ಕೂಗಿ ಮಾತಾಡ್ತಾರಾ? ಮನೇಲಿ ಯಾರಿಗಾದ್ರೂ ಕಿವಿ ಕೇಳಿಸಲ್ವಾ?"

ಪಕ್ಕದಲ್ಲೇ ಕೂತಿದ್ದ ನಮ್ಮಣ್ಣ ನನ್ನ ಕಡೆ ಬಾಗಿ, "ಏನಂದ್ರ್ಲಾ?" ಎಂದ.

ಡಾಕ್ಟರಿಗೆ ಬೇರೆ ಉತ್ತರ ಬೇಕಾಗಲಿಲ್ಲ. ದನಿ ಹೊರಡಿಸುವ ತಂತಿಯ ಮೇಲೆ ಗಂಟಾಗಿದೆ, ಮಾತು ಪೂರ್ತಿ ಬಂದ್, ಪಿಸುಮಾತೂ ಕೂಡದು, ತಿಂಗಳು ಕಳೆದು ಬನ್ನಿ ಎಂದರು. ಸುಮ್ಮನಿದ್ದರೆ ದನಿ ಬಂದರೂ ಬರಬಹುದು. ಕೂಗಿದರೆ ಬರುವುದೇ ಇಲ್ಲ.

ಆಸ್ಪತ್ರೆಯ ಹೊರಗೆ ಅಣ್ಣ ಎಂದಿನಂತೆ ಮುಂದೆ ಮುಂದೆ ನಡೆಯುತ್ತಿದ್ದ. ಹಿಂದೆ ಅತ್ತಿಗೆ ನನ್ನ ಭುಜ ತಟ್ಟಿದರು. ಅಣ್ಣನ ಬೆನ್ನು ತೋರಿಸಿದರು. ತಮ್ಮ ಕಿವಿ ಮುಟ್ಟಿಕೊಂಡರು, ಗಂಟಲು ಮುಟ್ಟಿಕೊಂಡರು, ಎರಡೂ ಅಂಗೈ ಮಗುಚಿ ನನ್ನನ್ನೇ ನೋಡಿದರು. ಮಕ್ಕಳು ಹೇಗೋ ಕೇಳಿಸಿಕೊಳ್ಳುತ್ತವೆ, ಇವರಿಗೆ ಯಾರು ಹೇಳೋರು ಎಂದು ಕೇಳುತ್ತಿದ್ದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಬಸ್ಸನ್ನು ನಿಲ್ಲಿಸಿದ್ದ ಹೆಂಗಸು!

ರಜೆ ಹಾಕಿ ಮನೆಯಲ್ಲಿ ಕೂತರೇ? ಎಲ್ಲಿಯ ಮಾತು! ವಾರ ತುಂಬುವ ಮೊದಲೇ ಶಾಲೆಗೆ ಹಾಜರು. ಹೆಡ್‌ಮಿಸ್ಸು ಬೇಡವೆಂದರೂ ಕೇಳಲಿಲ್ಲ. ಕೇಳಿದರೂ ಉತ್ತರ ಹೇಳುವಂತಿರಲಿಲ್ಲ, ಆದ್ದರಿಂದ ವಾದದಲ್ಲಿ ಅತ್ತಿಗೆಯೇ ಗೆದ್ದರು. ಕ್ಲಾಸಿನ ಮುಂದೆ ನಿಂತು, ದನಿಯಿಲ್ಲದೆ ಬರೀ ತುಟಿ ಆಡಿಸಿದರು. ಮಕ್ಕಳು ಮಿಕಿಮಿಕಿ ನೋಡಿದವು. ಮತ್ತೆ ಆಡಿಸಿದರು. ಮುಂದೆ ಕೂತಿದ್ದ ಒಂದು ಪುಟಾಣಿ ಚಂಗನೆ ಎದ್ದು, "ಪುಸ್ತಕ! ಮಿಸ್ಸು ಪುಸ್ತಕ ಅಂತಾವ್ರೆ!" ಎಂದು ಕೂಗಿತು. ತೆಗೆದುಕೊಳ್ಳಿ, ಹೊಸ ಆಟ ಸಿಕ್ಕಿತು! ಅತ್ತಿಗೆ ತುಟಿಯಲ್ಲಿ ಹೇಳುವುದು, ಮಕ್ಕಳು ಹಿಡಿದು ಸ್ಲೇಟಿನ ಮೇಲೆ ಬರೆಯುವುದು. ತುಟಿ ಕಾಣಬೇಕಾದರೆ ಕಣ್ಣು ಕದಲಿಸುವಂತಿಲ್ಲ, ಕಣ್ಣು ಕದಲಿಸದಿದ್ದರೆ ಗಲಾಟೆ ಮಾಡುವುದೆಲ್ಲಿ? ಕ್ಲಾಸು ಎಷ್ಟು ನಿಶ್ಶಬ್ದವಾಯಿತೆಂದರೆ, ಹೊಂಗೆ ಮರದ ಅಜ್ಜಿ ಗಾಬರಿಯಾಗಿ ಬಂದು ಕಿಟಕಿಯಲ್ಲಿ ಇಣುಕಿದಳು.

"ಇವತ್ತು ಇಸ್ಕೂಲು ರಜವೇನ್ರವ್ವಾ?"

ಒಳಗಿನ ಮಕ್ಕಳೆಲ್ಲ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದವು. ಅಜ್ಜಿ ಆಯುಷ್ಯದಲ್ಲೇ ಮೊದಲ ಸಲ ಮರುಮಾತಾಡದೆ ಹೋದಳು.

ಒಂದೇ ತೊಡಕು. ತುಟಿಯ ಮೇಲೆ 'ಹ' ಕಾಣುವುದಿಲ್ಲ! ಅತ್ತಿಗೆ 'ಹಕ್ಕಿ' ಎಂದು ತುಟಿ ಆಡಿಸಿದರೆ ಅರ್ಧ ಕ್ಲಾಸು 'ಅಕ್ಕಿ' ಎಂದೇ ಬರೆಯಿತು. ಕನ್ನಡಿಯ ಮುಂದೆ ನಿಂತು ನೀವೂ ಹೇಳಿ ನೋಡಿ, ಎರಡೂ ಒಂದೇ. ಇಷ್ಟು ವರ್ಷ ಹಿಟ್ಟು ಹಾರಿಸಿ ಗೆದ್ದ ಅಕ್ಷರ ಹೀಗೆ ಕೈಕೊಟ್ಟಿತು! ಅತ್ತಿಗೆ ಎರಡೂ ಕೈ ರೆಕ್ಕೆಯಂತೆ ಬಡಿದರೆ ಹಕ್ಕಿ, ಸುಮ್ಮನೆ ನಿಂತರೆ ಅಕ್ಕಿ ಎಂದು ಒಪ್ಪಂದವಾಯಿತು.

ಶಾಲೆಯೇನೋ ನಡೆಯಿತು. ಮನೆ?

ಮನೆಯಲ್ಲಿ ಮಿಷನ್ನಿನ ಸದ್ದು ಒಂದೇ ಉಳಿಯಿತು. ಅಣ್ಣನಿಗೆ ಉಣ್ಣುವ ಹೊತ್ತಾದದ್ದೇ ತಿಳಿಯುತ್ತಿರಲಿಲ್ಲ. ಅತ್ತಿಗೆ ಹೋಗಿ ತೋಳು ಜಗ್ಗಬೇಕು. ಮೊದಮೊದಲು ಅವನು ಹೆಂಡತಿಗೆ ಮಾತು ಬರುವುದಿಲ್ಲ ಎಂಬುದನ್ನು ಕಿವಿ ಕೇಳುವುದಿಲ್ಲ ಎಂದು ತಿಳಿದುಕೊಂಡನೋ ಏನೋ, ತಾನೇ ಕೂಗಾಡತೊಡಗಿದ. "ಉಪ್ಪು ಕಮ್ಮಿ ಅದೆ ಕಣೇ! ಉಪ್ಪು!" ಅತ್ತಿಗೆ ಕಿವಿ ಮುಚ್ಚಿಕೊಂಡು ನನ್ನ ಮುಖ ನೋಡುತ್ತಿದ್ದರು. ನೆರೆಮನೆಯವರಂತೂ ಊಟದ ಹೊತ್ತು ತಿಳಿಯದೆ ತಬ್ಬಿಬ್ಬಾಗಿದ್ದರು.

ಆಮೇಲೆ ಅಣ್ಣನೂ ಮಾತು ಕಡಿಮೆ ಮಾಡಿದ. ಒಂದು ಸಂಜೆ ಮಿಲ್ಲಿನ ಬೆಲ್ಟು ಬಿಚ್ಚುತ್ತಾ ನನ್ನ ಕಡೆ ನೋಡದೆಯೇ ಹೇಳಿದ: "ಒಳಗವ್ಳೋ ಇಲ್ವೋ ಅಂತ್ಲೇ ಗೊತ್ತಾಯ್ತಿಲ್ಲ ಕಣ್ಲಾ. ದಿಕ್ಕೇ ತೋಚ್ದಂಗಾಯ್ತದೆ." ನಮ್ಮಣ್ಣ ಹೆಂಡತಿಯ ಬಗ್ಗೆ ನನ್ನ ಹತ್ತಿರ ಇಷ್ಟು ಮಾತಾಡಿದ್ದು ಅದೇ ಮೊದಲು. ನಾನು ಬೆಲ್ಟಿನ ಇನ್ನೊಂದು ತುದಿ ಹಿಡಿದುಕೊಂಡೆ.

ಅತ್ತಿಗೆಗೆ ನಾನೇನೂ ಹೇಳಲಿಲ್ಲ, ಅವರಿಗೇ ಅರ್ಥವಾಗಿತ್ತೋ ಏನೋ, ಅದೇ ಭಾನುವಾರ ಅಂಗಳದಲ್ಲಿ ಮಣೆ ಹಾಕಿ ಅಣ್ಣನನ್ನು ಕೂರಿಸಿದರು. ಎದುರಿಗೆ ತಾವು ಕೂತರು. ಒಂದನೇ ಕ್ಲಾಸು ಶುರು! ತುಟಿ ಓದುವ ಪಾಠ. ವಿದ್ಯಾರ್ಥಿ ಮಹಾ ದಡ್ಡ. ಏಕೆಂದರೆ ಅವನು ತುಟಿ ನೋಡುತ್ತಲೇ ಇರಲಿಲ್ಲ, ನೆಲ ನೋಡುತ್ತಿದ್ದ, ಕೋಳಿ ನೋಡುತ್ತಿದ್ದ. ಗಂಡ ಹೆಂಡತಿ ಮುಖ ನೋಡಿಕೊಂಡು ಮಾತಾಡುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಅವರು ಒಳಗಿನಿಂದ ಕೂಗುವುದು, ಇವನು ಹೊರಗಿನಿಂದ ಹೂಂಗುಟ್ಟುವುದು, ಹೀಗೆಯೇ ಇಡೀ ಸಂಸಾರ ನಡೆದುಬಿಟ್ಟಿತ್ತು. ಅತ್ತಿಗೆ ಪುಟ್ಟ ಮಕ್ಕಳಿಗೆ ಮಾಡುವಂತೆ ಅವನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಹಿಟ್ಟು ಮೆತ್ತಿದ ಆ ಮುಖ ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡೆ. "ಬುಡೇ, ಬುಡು, ಉಡ್ಗ ನೋಡ್ತಾವ್ನೆ" ಎಂದು ಕೊಸರಿದ. ಹುಡುಗ ಅಂದರೆ ನಾನು, ತಲೆ ನರೆತ ಹುಡುಗ!

ಮೊದಲ ಪಾಠಗಳ ಫಲಿತಾಂಶ ಭಯಂಕರವಾಗಿತ್ತು. ಒಂದು ದಿನ ಅತ್ತಿಗೆ "ಮಾವ ಬತ್ತಾವ್ರೆ" ಎಂದು ತುಟಿ ಆಡಿಸಿದರು, ಅಂದರೆ ಬೆಸಗರಹಳ್ಳಿಯಿಂದ ಅವರ ಅಪ್ಪ ಬರುತ್ತಿದ್ದಾರೆ ಎಂದು. ಮ-ಬ ಎರಡಕ್ಕೂ ತುಟಿ ಒಂದೇ ಥರ ಮುಚ್ಚುತ್ತದಲ್ಲ, ಅಣ್ಣ ಅದನ್ನು "ಬಾವ" ಎಂದು ಓದಿಕೊಂಡ. ಬೈಕು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದು, ನನ್ನ ಅಂಗಡಿಯಲ್ಲೇ ಬಾವನಿಗಾಗಿ ಕಾದ. ಮಾವ ಬಸ್ಸಿಳಿದರು, ಎದುರಿಗೇ ಬಂದರು. ಅಣ್ಣ ಅವರಿಗೆ ನಮಸ್ಕಾರ ಹೇಳಿ, "ನೀವು ಬಾವನ್ನ ಎಲ್ಬುಟ್ರಿ? ಕಾಯ್ತಾ ಕೂತಿವ್ನಿ" ಎಂದು ಬಸ್ಸಿನೊಳಗೆ ಹತ್ತಿ ಹುಡುಕತೊಡಗಿದ. ಮುದುಕರು ಅಳಿಯನಿಗೆ ಕಿವಿಯ ಜೊತೆ ತಲೆಯೂ ಹೋಯಿತೆಂದು ನನ್ನ ಮುಂದೆ ಕಣ್ಣೊರೆಸಿಕೊಂಡರು!

ಆದರೂ ಅತ್ತಿಗೆ ಬಿಡಲಿಲ್ಲ. ಯಾವ ಮಗುವನ್ನೂ ದಡ್ಡ ಎಂದು ಬಿಟ್ಟವರೇ ಅಲ್ಲ ಅವರು. ದಿನಾ ಮಿಲ್ಲು ನಿಲ್ಲಿಸಿದ ಮೇಲೆ ಮಣೆ, ಪಾಠ. ಹಾಲು ಎಂದರೆ ಅಣ್ಣ "ಆಲು" ಎನ್ನುತ್ತಿದ್ದ, ಹೊಲ ಎಂದರೆ "ಒಲ" ಎನ್ನುತ್ತಿದ್ದ. ಎಲ್ಲವೂ ಸರಿ! ತುಟಿಯಲ್ಲೂ ಹಕಾರವಿಲ್ಲ, ಅವನ ಬಾಯಲ್ಲೂ ಇಲ್ಲ. ಅಕ್ಷರ ಗೆದ್ದ ಟೀಚರಮ್ಮ ಗಂಡನ ಮುಂದೆ ಖುಷಿಯಾಗಿ ಸೋತರು.

ತಿಂಗಳು ಕಳೆದು ಮಂಡ್ಯಕ್ಕೆ ಹೋದೆವು. ಡಾಕ್ಟರು, "ಒಮ್ಮೆಲೇ ಮಾತಾಡಬೇಡಿ. ಮೊದಲು ಉಸಿರು ಬಿಟ್ಟು ಮೆತ್ತಗೆ 'ಹ' ಅನ್ನಿ" ಎಂದರು. ಏನು, ಹ! ನಾನೂ ಅತ್ತಿಗೆಯೂ ಮುಖ ಮುಖ ನೋಡಿಕೊಂಡೆವು. ಅತ್ತಿಗೆ ಅಂಗೈ ಬಾಯಿಯ ಮುಂದೆ ಹಿಡಿದರು. ಹಿಟ್ಟಿಲ್ಲದ ಖಾಲಿ ಅಂಗೈ. ಉಸಿರು ಬಂತು, ಉಸಿರಿನ ತುದಿಯಲ್ಲಿ ದನಿಯೂ ಬಂತು! ಸಣ್ಣದು, ಎಳೆಯದು, ಆದರೂ ದನಿ! ನಾನು ಆಸ್ಪತ್ರೆ ಎಂಬುದನ್ನೂ ಮರೆತು ಚಪ್ಪಾಳೆ ಹೊಡೆದೆ. ಅಣ್ಣ, "ಏನಾಯ್ತ್ಲಾ? ಬಂತೇನ್ಲಾ?" ಎಂದು ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದ. ಬಂತು ಕಣಣ್ಣ, ಬಂತು ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ನಾನೇ ಕೂಗಿದೆ.

"ಇದೆ, ಆದರೆ ಇಷ್ಟೇ. ಇನ್ನು ಜೀವಮಾನದಲ್ಲಿ ಕೂಗುವಂತಿಲ್ಲ" ಎಂದರು ಡಾಕ್ಟರು.

ಶಾಲೆಗೆ ಅಷ್ಟು ದನಿ ಧಾರಾಳವಾಯಿತು. ಮಿಸ್ಸು ಮೆತ್ತಗೆ ಮಾತಾಡಿದರೆ ಏನೋ ಗುಟ್ಟು ಹೇಳುತ್ತಿದ್ದಾರೆಂದು ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಸುತ್ತ ಕೂರತೊಡಗಿದವು. ಈಗ ಅಲ್ಲಿ ಕಳೆಯುವ ಲೆಕ್ಕವೂ ಗುಟ್ಟು, ಏಳರ ಮಗ್ಗಿಯೂ ಗುಟ್ಟು. ಇವತ್ತು ಏನು ಕಲಿತೆ ಎಂದು ಮನೆಯಲ್ಲಿ ಕೇಳಿದರೆ, "ಏಳಾಕಿಲ್ಲ, ಮಿಸ್ಸು ನಮಗ್ ಮಾತ್ರ ಏಳವ್ರೆ" ಎನ್ನುತ್ತವಂತೆ!

ಆ ಸಣ್ಣ ದನಿ ಅಣ್ಣನ ಕಿವಿಗೆ ಮಾತ್ರ ಮುಟ್ಟಲಿಲ್ಲ. ಇನ್ನು ಮುಟ್ಟುವುದೂ ಇಲ್ಲ. ಇದು ಮೂವರಿಗೂ ಗೊತ್ತು. ಮಣೆಯ ಪಾಠ ಮಾತ್ರ ನಿಂತಿಲ್ಲ.

ಮೊನ್ನೆ ಮೊನ್ನೆ, ಒಂದು ಭಾನುವಾರ, ಅಣ್ಣನೂ ನಾನೂ ಪಡಸಾಲೆಯಲ್ಲಿ ಉಣ್ಣುತ್ತಿದ್ದೆವು. ಮುದ್ದೆ, ಹುರುಳಿ ಬಸ್ಸಾರು. ಅತ್ತಿಗೆ ದೂರದಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಅಣ್ಣ ತುತ್ತು ಕೈಯಲ್ಲೇ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದ. ಆಗ ನನಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಇಷ್ಟು ವರ್ಷ ಅತ್ತಿಗೆ ಗಂಡನಿಗೆ ಹೇಳಿದ ಪ್ರತಿ ಮಾತೂ ಇಡೀ ಊರಿಗೆ ಕೇಳುತ್ತಿತ್ತು. ಕರೆಂಟು ಓಯ್ತು, ಅಸು ಬಿಚ್ಕಂತು, ಎಣ್ಣೆ ತನ್ನಿ, ಉಣ್ಣಾಕ್ ಬನ್ನಿ. ಎಲ್ಲರಿಗೂ ಕೇಳಿದರೆ ಅಡ್ಡಿಯಿಲ್ಲದ ಮಾತುಗಳು. ಗಂಡನಿಗೆ ಮಾತ್ರ ಹೇಳುವ ಮಾತನ್ನು ಅವರು ಯಾವಾಗ ಹೇಳಿದ್ದರು? ಅಂಥ ಮಾತನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಮದುವೆಯ ಹೊಸದರಲ್ಲಿ ಯಾರಿಗೂ ಕೇಳದಂತೆ ಆಡುತ್ತಿದ್ದ ಆ ಹುಡುಗಿ, ಅಂಥ ಎಷ್ಟು ಮಾತುಗಳನ್ನು ಹಾಗೇ ನುಂಗಿಕೊಂಡಿದ್ದಳೋ!

ಅತ್ತಿಗೆಯ ತುಟಿ ಆಡಿತು. ದನಿ ಒಂಚೂರೂ ಇಲ್ಲ. ನಾಲ್ಕೈದು ಮಾತಿರಬೇಕು. ಅಣ್ಣ ಪೂರ್ತಿ ಓದಿಕೊಂಡ. ಆಮೇಲೆ ನಿಧಾನವಾಗಿ ಅವನ ಮುಖವೆಲ್ಲ ಅರಳಿ, ಹಲ್ಲು ಕಾಣುವಂತೆ ನಕ್ಕ. ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದು ಸರಕ್ಕನೆ ಒಳಗೆ ಹೋದರು.

"ಏನಣ್ಣ? ಏನಂದ್ರು ಅತ್ಗೆ?" ಎಂದು ಅವನ ಕಿವಿಯ ಹತ್ತಿರವೇ ಕೂಗಿ ಕೇಳಿದೆ.

ಅಣ್ಣ ಆ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

"ಉಣ್ಣು ಸುಮ್ಕೆ" ಎಂದ. "ನಂಗೇಳಿದ್ದು ಕಣ್ಲಾ ಅದು, ನಿಂಗಲ್ಲ."